ಇಷ್ಟು ಸಣ್ಣ ಕೋಣೆಗೆ ಎರಡು ಬಕೆಟ್

ಮಾರ್ಚ್ ೪, ಮಂಗಳವಾರ

ಮಾತು ಬೆಳ್ಳಿ, ಮೌನ ಬಂಗಾರ ಎಂದವರ ಗಂಟಲಿಗೆ ಯಾರೂ ಕತ್ತರಿ ಹಾಕಿರಲಿಲ್ಲ ಅಂತ ಕಾಣುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದು ಮೂರು ದಿನವಾಯಿತು. ದನಿಯ ತಂತುವಿನ ಮೇಲೆ ಬೆಳೆದಿದ್ದ ಗಂಟನ್ನು ತೆಗೆದಿದ್ದಾರೆ. ಮುಂದಿನ ಮಂಗಳವಾರ ಡಾಕ್ಟರು ನೋಡುವವರೆಗೆ ಮಾತಾಡಬಾರದು, ಪಿಸುಗುಟ್ಟಲೂಬಾರದು, ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಮಗಳು ತನ್ನ ಬಿಳಿ ಬೋರ್ಡು ಕೊಟ್ಟಿದ್ದಾಳೆ. ಪ್ಲಾಸ್ಟಿಕ್ಕಿನದು, ಮೊಳೆಗೆ ನೇತುಹಾಕಲು ಮೇಲೊಂದು ತೂತು. ಹೇಳಬೇಕಾದ್ದನ್ನು ಅದರ ಮೇಲೆ ಬರೆದು ತೋರಿಸಿ ಒರೆಸುತ್ತೇನೆ. ಅತ್ತೆಯ ಜೊತೆ ಜಗಳವಾಡುವುದು ಇನ್ನು ಸಾಧ್ಯವೇ ಇಲ್ಲ. ನಾನು "ಹಾಗಲ್ಲ ಅತ್ತೆ" ಎಂದು ಬರೆದು ಮುಗಿಸುವಷ್ಟರಲ್ಲಿ ಅವರು ಗೆದ್ದು, ಅಡುಗೆಮನೆಗೆ ಹೋಗಿ, ಪಾತ್ರೆ ತೊಳೆಯಲು ಶುರುಮಾಡಿರುತ್ತಾರೆ.

ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುವುದೇ ನನ್ನ ಕೆಲಸ. ಓದು ಮುಗಿದಾಗಿನಿಂದ ಬೇರೆ ಕೆಲಸ ಮಾಡಿದವಳಲ್ಲ. ಇವರು ನನ್ನ ಮುಖ ನೋಡುವ ಮೊದಲು ದನಿ ಕೇಳಿದ್ದರು. ಆಗ ಹೊಸ ಡ್ರೈವರು. ತಮ್ಮ ಬಸ್ಸನ್ನು ತಾವೇ ತಂದು ನಿಲ್ಲಿಸಿ, ಮೆಟ್ಟಿಲು ಹತ್ತಿ ನನ್ನ ಗಾಜಿನ ಕೋಣೆಗೆ ಬಂದು, "ನನ್ನ ಬಸ್ಸು ಎಷ್ಟನೇ ಪ್ಲಾಟ್‌ಫಾರಂ ಮೇಡಂ?" ಎಂದು ಕೇಳಿದ್ದರು. ನಿಲ್ಲಿಸಿ ಬಂದವರಿಗೆ ಗೊತ್ತಿಲ್ಲವೇ? ಆ ಪೆದ್ದುತನ ನೋಡಿಯೇ ಮದುವೆಗೆ ಒಪ್ಪಿಕೊಂಡೆ.

ಮುಂದಿನ ಮಂಗಳವಾರ ಬಾಯಿ ತೆರೆದರೆ ಏನು ಕೇಳಿಸುತ್ತದೋ. ಯೋಚಿಸುವುದಿಲ್ಲ.

ಮಾರ್ಚ್ ೫, ಬುಧವಾರ

ನನ್ನ ಸಪ್ಪೆ ಮುಖ ನೋಡಲಾರದೆ ಮಗಳು ನನ್ನ ಫೋನಿಗೆ ಒಂದು ಆಟ ಹಾಕಿಕೊಟ್ಟಳು. ಕಣ್ಣಾಮುಚ್ಚಾಲೆಯೇ, ಆದರೆ ಎಲ್ಲೆಲ್ಲೋ ಕೂತ ಜನ ಫೋನಿನೊಳಗಿನ ಒಂದೇ ಮನೆಯಲ್ಲಿ ಅಡಗಿ ಆಡುವುದು.

"ಇದ್ರಲ್ಲಿ ಸದ್ದು ಮಾಡ್ದೆ ಇರೋರೇ ಗೆಲ್ಲೋದಮ್ಮ. ನಿಂಗೆ ಹೇಳಿ ಮಾಡ್ಸಿದ್ದು" ಅಂದಳು.

ಆಟದಲ್ಲಿ ಮೂರು ಬಗೆ. ಮೊದಲನೆಯದಕ್ಕೆ ಮಗಳು ಪ್ರಾಪ್ ಮೋಡ್ ಅನ್ನುತ್ತಾಳೆ, ನಾನು ವೇಷದಾಟ ಅನ್ನುತ್ತೇನೆ. ಅಡಗುವವರು ಆ ಮನೆಯ ಯಾವುದಾದರೊಂದು ಸಾಮಾನಿನ ವೇಷ ಹಾಕಬಹುದು: ಕುರ್ಚಿ, ಹೂದಾನಿ, ಚಪ್ಪಲಿ. ಹುಡುಕುವವರು ಅನುಮಾನ ಬಂದದ್ದಕ್ಕೆ ಕೋಲಿನಿಂದ ಹೊಡೆದು ನೋಡುತ್ತಾರೆ. ನಿಜವಾದ ಸಾಮಾನಿಗೆ ಹೊಡೆದರೆ ಅವರ ಆಯಸ್ಸೇ ಕಡಿಮೆಯಾಗುತ್ತದೆ. ನಾನು ಬಚ್ಚಲಿಗೆ ಹೋಗಿ ಬಕೆಟ್ ಆದೆ. ಆಫೀಸಿನಲ್ಲಿ ಬಕೆಟ್ ಹಿಡಿಯುವವರನ್ನು ಬೇಕಾದಷ್ಟು ನೋಡಿದ್ದೇನೆ, ನಾನೇ ಬಕೆಟ್ ಆದದ್ದು ಇದೇ ಮೊದಲು.

ಯಾರಿಗೂ ಸಿಗಲಿಲ್ಲ! ಎರಡನೇ ಸಲವೂ ಸಿಗಲಿಲ್ಲ. ಉಳಿದವರೆಲ್ಲ ಮಂಚದಡಿ, ಬೀರುವಿನ ಹಿಂದೆ ನುಗ್ಗುತ್ತಾರೆ. ಹುಡುಕುವವರು ಮೊದಲು ನೋಡುವುದೂ ಅಲ್ಲೇ. ಗುಟ್ಟು ಇಷ್ಟೇ: ಅಡಗುವ ಜಾಗದಲ್ಲಿ ಅಡಗಬಾರದು. ದಾರಿಯ ಪಕ್ಕದಲ್ಲೇ, ಎಲ್ಲರಿಗೂ ಕಾಣುವ ಹಾಗೆ, ಕೆಲಸಕ್ಕೆ ಬಾರದ ವಸ್ತುವಿನ ಹಾಗೆ ಇದ್ದುಬಿಡಬೇಕು. ತಿರುಗಬಾರದು, ಕದಲಬಾರದು. ಒಂದೇ ತೊಂದರೆ, ಆಗಾಗ ಆಟವೇ ನಮ್ಮಿಂದ ಒಂದು ಶಿಳ್ಳೆ ಹೊಡೆಸುತ್ತದೆ. ಬಾಯಿ ಮುಚ್ಚಿಕೊಂಡು ಕೂತರೂ ಬಿಡುವುದಿಲ್ಲ.

ಆಟದಲ್ಲಿ ನನ್ನ ಹೆಸರನ್ನು ಮಗಳು "ಬಕೆಟ್" ಎಂದೇ ಇಟ್ಟಳು.

ಮಾರ್ಚ್ ೮, ಶನಿವಾರ

ಇವತ್ತು ಎರಡನೇ ಬಗೆ. ಇದು ಅಂಟುರೋಗದಾಟ. ಮೊದಲಿಗೆ ಹುಡುಕುವವನು ಒಬ್ಬನೇ. ಅವನು ಮುಟ್ಟಿದವರೆಲ್ಲ ಅವನ ಕಡೆಯವರಾಗಿ ಹುಡುಕಲು ಹೊರಡುತ್ತಾರೆ. ಕೊನೆಗೆ ಉಳಿದ ಒಬ್ಬರ ಹಿಂದೆ ಊರೆಲ್ಲ.

ಮೊದಲ ಸಲ ಮಗಳ ಪಕ್ಕದಲ್ಲೇ ಅಡಗಿದೆ. ಅವಳು ಹೊರಗೆ ಇಣುಕಲು ಹೋಗಿ ಸಿಕ್ಕಿಬಿದ್ದಳು, ಸಿಕ್ಕ ಮರುಕ್ಷಣ ನೆಟ್ಟಗೆ ನನ್ನ ಹತ್ತಿರ ಓಡಿಬಂದು ಮುಟ್ಟಿದಳು. ಹೆತ್ತ ತಾಯಿ ಅಂತಲೂ ನೋಡಲಿಲ್ಲ. "ಆಟ ಅಂದ್ರೆ ಆಟಾನೇ ಅಮ್ಮ" ಅಂತ ನಗು ಬೇರೆ. ಇದರಿಂದ ಕಲಿತದ್ದು: ಅಂಟುರೋಗದಾಟದಲ್ಲಿ ಗೆಳೆಯರ ಜೊತೆ ಅಡಗಬಾರದು. ನಾವು ಎಲ್ಲಿದ್ದೇವೆ ಎಂದು ಒಬ್ಬರಿಗೂ ಗೊತ್ತಿರಬಾರದು. ಎರಡು ಕಡೆ ದಾರಿ ಇರುವ ಎತ್ತರದ ಜಾಗ ಹಿಡಿದು ಒಬ್ಬರೇ ಕೂರಬೇಕು.

ಹಾಗೆ ಮಾಡಿ ಸಂಜೆ ಕೊನೆಯವಳಾಗಿ ಉಳಿದೆ. ನೀರಿನ ಟ್ಯಾಂಕಿನ ಮೇಲೆ ನಾನು, ಕೆಳಗೆ ಎಲ್ಲರೂ. ಇವರು ಊಟಕ್ಕೆ ಕರೆದದ್ದು ಕೇಳಿಸಲೇ ಇಲ್ಲ. ಆಮೇಲೆ ಕೋಣೆಗೆ ಬಂದು, "ನಿನ್ ದನಿ ಇಲ್ದೆ ಮನೆ ಬಣಗುಟ್ಟುತ್ತೆ ಕಣೆ. ಮಂಗಳವಾರ ಯಾವಾಗ ಬರುತ್ತೋ" ಅಂದರು. ಅವರ ಮುಖ ನೋಡಲಾಗದೆ ಫೋನು ನೋಡಿದೆ.

ಮಾರ್ಚ್ ೧೧, ಮಂಗಳವಾರ

ಡಾಕ್ಟರು ಗಂಟಲೊಳಗೆ ಕೊಳವೆ ಬಿಟ್ಟು ನೋಡಿ, "ಗಾಯ ಚೆನ್ನಾಗಿ ಮಾಗಿದೆ. ಎಲ್ಲಿ, ಆ ಅನ್ನಿ" ಅಂದರು.

ಅಂದೆ.

ಹಳೆಯ ಕಬ್ಬಿಣದ ಕುರ್ಚಿಯನ್ನು ಯಾರೋ ನೆಲದ ಮೇಲೆ ಎಳೆದ ಹಾಗಿತ್ತು. ಅದು ನನ್ನ ಬಾಯಿಂದ ಬಂತು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಡಾಕ್ಟರಿಗೆ ಮಾತ್ರ ತೃಪ್ತಿ. "ಇವತ್ತಿಂದ ಸ್ವಲ್ಪ ಸ್ವಲ್ಪ ಮಾತಾಡಿ. ಹಳೇ ದನಿ ಹಾಗ್ಹಾಗೇ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಬಳಸ್ತಾ ಬಳಸ್ತಾ ಏನು ಬರುತ್ತೋ ಅದು ನಿಮ್ಮದು." ಪಕ್ಕದ ಕೋಣೆಯಲ್ಲಿ ದನಿ ತಿದ್ದುವ ಟೀಚರಮ್ಮ ಒಬ್ಬರಿದ್ದಾರೆ. ಒಂದು ಸ್ಟ್ರಾ ಕೊಟ್ಟು, ಲೋಟದ ನೀರಿನೊಳಗೆ ಅದನ್ನಿಟ್ಟು "ಊ" ಎಂದು ಗುಳುಗುಳು ಊದಬೇಕು ಎಂದು ತೋರಿಸಿದರು. ವಾರಕ್ಕೊಮ್ಮೆ ಬರಬೇಕಂತೆ.

ಇವರು ಹೊರಗೆ ಬೆಂಚಿನ ಮೇಲೆ ಕೂತಿದ್ದವರು ನನ್ನನ್ನು ಕಂಡು ಎದ್ದು ನಿಂತರು. ಆ ಮುಖದಲ್ಲಿದ್ದ ಆಸೆ! ನಾನು ಬೋರ್ಡು ತೆಗೆದು ಬರೆದೆ: "ಇನ್ನೂ ಮೂರು ವಾರ ಮಾತು ಬೇಡ ಅಂದ್ರು."

"ಹೋಗ್ಲಿ ಬಿಡು. ಮೂರು ವಾರ ತಾನೆ" ಅಂದರು. ನನಗಿಂತ ಹೆಚ್ಚು ಅವರೇ ಸಪ್ಪಗಾದರು.

ಇದು ಸುಳ್ಳಲ್ಲ, ಮುಂಜಾಗ್ರತೆ. ಚೆನ್ನಾಗಿ ಮಾಗಲಿ, ಆಮೇಲೆ ಒಂದೇ ಸಲ ಸರಿಯಾದ ದನಿಯಲ್ಲೇ ಮಾತಾಡಿದರಾಯಿತು. ಆ ಕುರ್ಚಿ ಎಳೆದ ಸದ್ದನ್ನು ಇವರಿಗೆ ಕೇಳಿಸಲಾರೆ.

ಮಾರ್ಚ್ ೧೩, ಗುರುವಾರ

ವೇಷದಾಟದಲ್ಲಿ ಬೆಳಗ್ಗೆಯಿಂದ ಸೋತಿಲ್ಲ. ಬಕೆಟ್ ಎಂದರೆ ಈಗ ಗೊತ್ತಿಲ್ಲದವರಿಗೂ ಗೊತ್ತು. ಒಬ್ಬ ಮೈಕಿನಲ್ಲಿ, "ಬಕೆಟ್ ಅವರೇ, ಒಂದ್ಸಲ ಮಾತಾಡ್ರಿ, ನೀವು ಮನುಷ್ಯರೋ ಕಂಪ್ಯೂಟರೋ ಗೊತ್ತಾಗ್ಲಿ" ಎಂದ. ಮೈಕ್ ಆರಿಸಿಯೇ ಇಟ್ಟಿದ್ದೇನೆ.

ಲೋಟವನ್ನು ಬಚ್ಚಲಿನ ಕಿಟಕಿಯಲ್ಲಿಟ್ಟಿದ್ದೇನೆ. ಊದುತ್ತೇನೆ, ಆದರೆ ದನಿ ಸೇರಿಸುವುದಿಲ್ಲ. ಬರೀ ಗುಳ್ಳೆ.

ಮಾರ್ಚ್ ೧೫, ಶನಿವಾರ

ಇವತ್ತು ನನ್ನ ಸಾಮ್ರಾಜ್ಯ ಬಿತ್ತು. ಬೀಳಿಸಿದ್ದು ಅತ್ತೆ!

ಮಗಳು ಅಜ್ಜಿಗೂ ಆಟ ಕಲಿಸಿದಳು. ಹಳೆಯ ಫೋನೊಂದರಲ್ಲಿ ಹಾಕಿಕೊಟ್ಟು, "ಹೆಸರು ಏನಿಡ್ಲಿ ಅಜ್ಜಿ?" ಎಂದಾಗ ಅತ್ತೆ ಕೈಯಲ್ಲಿದ್ದದ್ದನ್ನು ನೋಡಿ "ಪೊರಕೆ" ಅಂದರು. ಕನ್ನಡಕ ಮೂಗಿನ ತುದಿಗಿಟ್ಟು, ಅಕ್ಕಿ ಆರಿಸುವವರ ಹಾಗೆ ಫೋನು ಹಿಡಿದು, ಹುಡುಕುವವರಾದರು. ನಾನು ಯಾವತ್ತಿನಂತೆ ಬಚ್ಚಲಲ್ಲಿ ಬಕೆಟ್. ಅತ್ತೆ ಒಳಗೆ ಬಂದರು, ಸುತ್ತ ನೋಡಿದರು, ನೇರವಾಗಿ ಬಂದು ನನ್ನ ತಲೆಗೆ ಬಾರಿಸಿದರು.

"ಅಜ್ಜಿ! ಹೆಂಗ್ ಗೊತ್ತಾಯ್ತು?"

"ಇಷ್ಟು ಸಣ್ಣ ಕೋಣೆಗೆ ಎರಡು ಬಕೆಟ್ ಯಾಕೆ? ನಲ್ಲಿ ಒಂದೇ ಇದೆ."

ಅತ್ತೆ ಬದುಕಿಡೀ ಒಂದು ಲಾಡ್ಜಿನಲ್ಲಿ ಕೋಣೆ ಒಪ್ಪ ಮಾಡುವ ಕೆಲಸ ಮಾಡಿದವರು. ಕೋಣೆಗೆ ಕಾಲಿಟ್ಟರೆ ಇರಬೇಕಾದ್ದು ಯಾವುದು, ಇರಬಾರದ್ದು ಯಾವುದು ಎಂದು ಅವರ ಕಣ್ಣಿಗೆ ತಾನಾಗಿ ಕಾಣುತ್ತದೆ. ನಮ್ಮ ಹಾಗೆ ಅನುಮಾನ ಬಂದದ್ದಕ್ಕೆಲ್ಲ ಹೊಡೆಯುತ್ತ ಹೋಗುವುದಿಲ್ಲ. ಬಾಗಿಲಲ್ಲಿ ನಿಂತು ಹೆಚ್ಚಾದದ್ದನ್ನು ಹೆಕ್ಕುತ್ತಾರೆ. "ಗಂಡಸರ ಚಪ್ಪಲಿ ಎರಡೂ ಎಡಗಾಲಿನವು ಇರ್ತಾವಾ?" "ಓದೋರೇ ಇಲ್ಲದ ಮನೇಲಿ ಮೇಜಿನ ದೀಪ ಯಾಕೆ?" ಹೀಗೆ ಒಂದಾದ ಮೇಲೊಂದು. ಒಬ್ಬರನ್ನೂ ಬಿಡಲಿಲ್ಲ.

ನಾನು ಸೋತದ್ದಕ್ಕೆ ಬೇಜಾರಿಲ್ಲ. ಆದರೆ ಆಟ ಮುಗಿದ ಮೇಲೆ ಅತ್ತೆ ಕನ್ನಡಕದ ಮೇಲಿನಿಂದ ನನ್ನನ್ನು ಒಮ್ಮೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಗಂಟಲಿಗೆ ಹೋಯಿತು.

ಮಾರ್ಚ್ ೧೮, ಮಂಗಳವಾರ

ಎರಡು ಕಡೆಯಿಂದ ಏಟು.

ಟೀಚರಮ್ಮನ ಹತ್ತಿರ ಒಬ್ಬಳೇ ಹೋಗಿದ್ದೆ. "ಊ ಅನ್ನಿ" ಎಂದರು. ಗಾಳಿ ಬಿಟ್ಟೆ. "ದನಿ ಸೇರಿಸಿ" ಎಂದರು. ಮತ್ತೆ ಗಾಳಿ. ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು: "ನೋಡಿ, ಮನೇಲಿ ನೀವು ಮಾತಾಡ್ತಾ ಇಲ್ಲ ಅಂತ ನಂಗೆ ಗೊತ್ತಾಗುತ್ತೆ. ಈ ಹೊತ್ತಲ್ಲಿ ಬಳಸದೆ ಬಿಟ್ರೆ ಗಾಯದ ಜಾಗ ಬಿಗಿದುಕೊಳ್ಳುತ್ತೆ. ಆಮೇಲೆ ನಾನು ಏನ್ ಮಾಡಿದ್ರೂ ಸಡಿಲ ಆಗಲ್ಲ." ತಲೆಯಾಡಿಸಿದೆ. ತಲೆಯಾಡಿಸುವುದೊಂದು ಚೆನ್ನಾಗಿ ಕಲಿತಿದ್ದೇನೆ.

ಮನೆಗೆ ಬಂದರೆ, ನಿಲ್ದಾಣದ ಕಂಟ್ರೋಲರ್ ಫೋನ್ ಮಾಡಿದ್ದರಂತೆ. ಅತ್ತೆಯೇ ಮಾತಾಡಿದ್ದಾರೆ. "ಮೂವತ್ತೊಂದನೇ ತಾರೀಕು ಸೋಮವಾರ ಬಂದು ಮೈಕಲ್ಲಿ ಮಾತಾಡಿ ತೋರಿಸ್ಬೇಕಂತೆ. ಆಗ್ಲಿಲ್ಲ ಅಂದ್ರೆ ಮಾರನೇ ದಿನದಿಂದ ಕಂಪ್ಯೂಟರ್ ದನಿ ಹಾಕ್ತಾರಂತೆ. ನಿನ್ನ ಲಗೇಜ್ ಇಡೋ ಕೋಣೆಗೆ ಹಾಕ್ತಾರಂತೆ." ಬೆರಳು ಮಡಚಿ ಎಣಿಸಿ, "ನಿನ್ ಮೂರು ವಾರ ಮುಗಿಯೋದು ಅದರ ಮಾರನೇ ದಿನ. ಡಾಕ್ಟರಿಗೆ ಹೇಳಿ ಒಂದಿನ ಮುಂಚೆ ಬಿಡಿಸ್ಕೊಂಡ್ಬಿಡು" ಅಂದರು.

ಲಗೇಜ್ ಕೋಣೆ ನೆಲಮಾಳಿಗೆಯಲ್ಲಿದೆ. ಅಲ್ಲಿ ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಪೆಟ್ಟಿಗೆ ತೆಗೆದುಕೊಂಡು ಚೀಟಿ ಕೊಟ್ಟರಾಯಿತು. ಅದೇನು ಅಷ್ಟು ಕೆಟ್ಟದ್ದಲ್ಲ ಎಂದು ಒಂದು ಕ್ಷಣ ಅನಿಸಿತು. ಹಾಗೆ ಅನಿಸಿದ್ದಕ್ಕೇ ಹೆದರಿಕೆಯಾಯಿತು.

ಮಾರ್ಚ್ ೧೯, ಬುಧವಾರ

ಬಾಗಿಲು ಹಾಕಿಕೊಂಡು ಬಾಯಿ ತೆರೆದೆ. ಏನೂ ಅನ್ನದೆ ಮುಚ್ಚಿದೆ.

ಮಾರ್ಚ್ ೨೨, ಶನಿವಾರ

ಸಿಕ್ಕಿಬಿದ್ದೆ.

ಮಗಳು ಟ್ಯೂಷನ್ನಿಗೆ ಹೋಗಿದ್ದಳು, ಇವರು ದೂರದ ರೂಟಿಗೆ ಹೋದವರು ಬಂದಿರಲಿಲ್ಲ. ನಾನು ಸೋಫಾದಲ್ಲಿ ಕೂತು ವೇಷದಾಟ ಆಡುತ್ತಿದ್ದೆ. ಅತ್ತೆ ಬಂದು ಎದುರಿಗೆ ಕೂತು ಟೀಪಾಯಿಯ ಮೇಲೆ ಲೋಟ ಇಟ್ಟರು. ಅದರೊಳಗೆ ಸ್ಟ್ರಾ.

"ಬಚ್ಚಲಿಗೆ ಲೋಟ ಯಾಕಮ್ಮ? ನೀರು ಕುಡಿಯೋಕೆ ಯಾರೂ ಬಚ್ಚಲಿಗೆ ಹೋಗಲ್ಲ."

ನಾನು ಬೋರ್ಡಿಗೆ ಕೈ ಚಾಚಿದೆ. ಅವರು ಬೋರ್ಡನ್ನು ಪಕ್ಕಕ್ಕೆ ಸರಿಸಿದರು.

"ಬರೀಬೇಡ. ಬರೆಯೋವಾಗ ನೀನು ಯೋಚನೆ ಮಾಡ್ತೀಯ. ಬಾಗಿಲ ಹಿಂದಿನ ಗುಳುಗುಳು ನಂಗೆ ಕೇಳ್ಸಲ್ವಾ? ಮಾತೇ ಬೇಡ ಅಂದೋರು ಗಂಟಲಿಗೆ ಕಸರತ್ತು ಯಾಕೆ ಹೇಳ್ಕೊಡ್ತಾರೆ? ಡಾಕ್ಟರು ಮಾತಾಡು ಅಂದಿದ್ದಾರೆ. ಹೌದೋ ಅಲ್ವೋ?"

ಫೋನಿನಲ್ಲಿ ಯಾರೋ ನನ್ನ ಬಕೆಟ್ಟಿಗೆ ಹೊಡೆಯುತ್ತಿದ್ದರು. ತಲೆಯಾಡಿಸಿದೆ. ಆಮೇಲೆ ಅಳು ಬಂತು. ಅಳುವಾಗಲೂ ಸದ್ದು ಬರದ ಹಾಗೆ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಕೆಟ್ಟದಾಗಿ ಬರುತ್ತೆ ಅಂತ ಭಯಾನಾ?"

ಹೌದು.

"ನನ್ ಮಗ ಕೇಳ್ಸ್ಕೊಂಡು ಏನಂತಾನೋ ಅಂತಾನಾ?"

ಹೌದು, ಹೌದು.

"ಅವನು ಮಗುವಾಗಿದ್ದಾಗಿಂದ ನನ್ ದನಿ ಕೇಳ್ಕೊಂಡು ಬದುಕಿದ್ದಾನೆ ಕಣೆ. ತಗಡು ಬಡಿದಂಗಿದೆ ಅಂತ ಲಾಡ್ಜಿನ ಮಾಲೀಕರೇ ಅಂತಿದ್ರು. ಸತ್ತೋಗಿದ್ದಾನಾ?" ಎದ್ದು ಹೊರಟವರು ತಿರುಗಿ, "ನಾನು ಯಾರಿಗೂ ಹೇಳಲ್ಲ. ಆದ್ರೆ ಔಟ್ ಆಗಿದ್ದೀಯ, ತಿಳ್ಕೋ" ಅಂದರು.

ಲೋಟವನ್ನು ಅಲ್ಲೇ ಬಿಟ್ಟು ಹೋಗಿದ್ದಾರೆ, ನಡುಮನೆಯ ಟೀಪಾಯಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಇವರು ಬರುವ ಮೊದಲು ತೆಗೆದಿಡಬೇಕು.

ತೆಗೆದಿಟ್ಟೆ. ಅಡುಗೆಮನೆಯಲ್ಲಿ, ಬೇರೆ ಲೋಟಗಳ ಜೊತೆ.

ಮಾರ್ಚ್ ೨೪, ಸೋಮವಾರ

ನೀರಿನಲ್ಲಿ "ಊ" ಅಂದೆ. ನೀರೊಳಗೆ ಯಾರ ದನಿಯಾದರೂ ಒಂದೇ ತರಹ ಕೇಳಿಸುತ್ತದೆ. ಅಷ್ಟರ ಮಟ್ಟಿಗೆ ಪರವಾಗಿಲ್ಲ. ಲೋಟದ ಹೊರಗೆ ಅನ್ನಲು ಆಗಲಿಲ್ಲ. ಇನ್ನೊಂದು ವಾರ.

ಮಾರ್ಚ್ ೨೭, ಗುರುವಾರ

ವೇಷದಾಟ ಬೇಜಾರಾಗಿದೆಯಂತೆ. ಅಜ್ಜಿ ಮೊಮ್ಮಗಳು ಸೇರಿ ಈಗ ಮೂರನೇ ಬಗೆಯನ್ನು ಹಿಡಿದುಕೊಂಡಿದ್ದಾರೆ: ಮಂಜುಗಡ್ಡೆಯಾಟ. ನಮ್ಮದು ಮೂವರ ತಂಡ, ಎದುರು ಇನ್ನೊಂದು ತಂಡ. ಅವರು ಮುಟ್ಟಿದರೆ ನಾವು ಇದ್ದಲ್ಲೇ ಮಂಜುಗಡ್ಡೆ. ನಮ್ಮವರೊಬ್ಬರು ಬಂದು ಮುಟ್ಟಿದರೆ ಕರಗಿ ಮತ್ತೆ ಓಡಬಹುದು. ಮೂವರೂ ಗಡ್ಡೆಯಾದರೆ ಸೋಲು, ಹೊತ್ತು ಮುಗಿದಾಗ ಇಬ್ಬರು ಗಡ್ಡೆಯಾಗಿದ್ದರೂ ಸೋಲೇ.

ನಾನು ನನ್ನ ವಿದ್ಯೆಯನ್ನೆಲ್ಲ ಬಳಸಿದೆ. ಗೋದಾಮಿನ ಮೂಲೆಯಲ್ಲಿ ಮೂಟೆಗಳ ಹಿಂದೆ ಅಡಗಿದೆ. ಯಾರೂ ಕಂಡುಹಿಡಿಯಲಿಲ್ಲ. ಅತ್ತೆ ಗಡ್ಡೆಯಾದರು, ಅವರನ್ನು ಬಿಡಿಸಲು ಹೋದ ಮಗಳೂ ಗಡ್ಡೆಯಾದಳು. ನಾನು ಹೊರಗೆ ಬರಲಿಲ್ಲ, ಬಂದರೆ ಸಿಕ್ಕಿಬೀಳುತ್ತೇನಲ್ಲ. ಹೊತ್ತು ಮುಗಿಯಿತು. ಸೋತೆವು.

ಮಗಳಿಗೆ ಕೋಪ ನೆತ್ತಿಗೇರಿತು. "ಅಮ್ಮ, ನೀನೊಬ್ಳು ಉಳ್ಕೊಂಡು ಏನ್ ಪ್ರಯೋಜನ? ಇದ್ರಲ್ಲಿ ಬಚ್ಚಿಟ್ಕೊಳ್ಳೋರು ಗೆಲ್ಲಲ್ಲ. ನಾನು ಅಲ್ಲಿ ಗಡ್ಡೆಯಾಗಿ ನಿಂತು ನಿನ್ನ ದಾರೀನೇ ನೋಡ್ತಾ ಇದ್ದೆ, ನೀನು ಬರಲೇ ಇಲ್ಲ. ಬರ್ದಿದ್ರೂ ಪರ್ವಾಗಿಲ್ಲ, ಹಿಂದೆ ಯಾರ್ ಬಂದ್ರು ಅಂತ ಕೂಗಿಯಾದ್ರೂ ಹೇಳ್ಬಹುದಿತ್ತು" ಎಂದವಳು ನಾಲಿಗೆ ಕಚ್ಚಿಕೊಂಡಳು. "ಸಾರಿ ಅಮ್ಮ. ಮರ್ತೇಹೋಯ್ತು."

ಅತ್ತೆ ಬಟ್ಟೆ ಮಡಚುತ್ತ ಕೂತರು.

ಅವಳು ಮೂರು ಸಲ ಸಾರಿ ಕೇಳಿದಳು. ಕೇಳಬೇಕಾದವಳು ನಾನು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಷ್ಟು ದಿನ?

ಮಾರ್ಚ್ ೨೯, ಶನಿವಾರ

ಗೆಲ್ಲುವ ಆಟವನ್ನು ಕೈಯಾರೆ ಚೆಲ್ಲಿದೆವು! ಈಗಲೂ ಹೊಟ್ಟೆ ಉರಿಯುತ್ತಿದೆ. ಸರಿಯಾಗಿ ಬರೆದಿಟ್ಟುಕೊಳ್ಳುತ್ತೇನೆ, ಮತ್ತೆ ಹೀಗಾಗಬಾರದು.

ಮಂಜುಗಡ್ಡೆಯಾಟ. ಅದೇ ಗೋದಾಮು, ನಾಲ್ಕು ಬಾಗಿಲು, ಪ್ರತಿ ಬಾಗಿಲ ಮೇಲೆ ದಪ್ಪ ಅಂಕಿ. ಮೂವರೂ ನಡುಮನೆಯಲ್ಲೇ ಕೂತಿದ್ದೆವು. ಈ ಸಲ ನಾನು ಮೂಲೆ ಸೇರಲಿಲ್ಲ. ಮೂಟೆಗಳ ಮೇಲೆ ಹತ್ತಿ ನಿಂತೆ. ಅಲ್ಲಿಂದ ಇಡೀ ಗೋದಾಮು ಕಾಣುತ್ತದೆ, ನನ್ನ ಗಾಜಿನ ಕೋಣೆಯಿಂದ ನಿಲ್ದಾಣ ಕಂಡ ಹಾಗೆ. ಮಗಳು ಗಡ್ಡೆಯಾಗಿದ್ದಳು, ಇಳಿದು ಹೋಗಿ ಬಿಡಿಸಿ ಬಂದೆ. ಎರಡು ಸಲ ಬಿಡಿಸಿದೆ. ಇನ್ನು ಸ್ವಲ್ಪ ಹೊತ್ತು ತಡೆದಿದ್ದರೆ ಆಟ ನಮ್ಮದೇ.

ಅಷ್ಟರಲ್ಲಿ ಎದುರು ತಂಡದವನೊಬ್ಬ ಮೂರನೇ ಬಾಗಿಲಿನಿಂದ ನುಸುಳಿ ಬಂದ. ಅತ್ತೆ ಅವನಿಗೆ ಬೆನ್ನು ತಿರುಗಿಸಿಕೊಂಡು ಸಾಮಾನು ಪರೀಕ್ಷೆ ಮಾಡುತ್ತ ನಿಂತಿದ್ದರು. ಮಗಳು ಅವರ ಪಕ್ಕದಲ್ಲೇ. ನಾನು ಕೂಗಿದೆ:

"ಗಮನಿಸಿ! ದಯವಿಟ್ಟು ಗಮನಿಸಿ! ಮೂರನೇ ಬಾಗಿಲಿನ ಬಳಿ ಇರುವವರು ಕೂಡಲೇ ಒಂದನೇ ಬಾಗಿಲಿನ ಕಡೆಗೆ..."

ಇಬ್ಬರೂ ಏನು ಮಾಡಿದರು? ಓಡಿದರೇ? ಫೋನಿನಿಂದ ತಲೆ ಎತ್ತಿ ನನ್ನ ಮುಖ ನೋಡುತ್ತ ಕೂತರು! ಅವನು ಆರಾಮಾಗಿ ಬಂದು ಇಬ್ಬರನ್ನೂ ಮುಟ್ಟಿದ, ಆಮೇಲೆ ನನ್ನನ್ನೂ.

"ಆಟದ ಮಧ್ಯೆ ಯಾರಾದ್ರೂ ತಲೆ ಎತ್ತಾರಾ? ಓಡೀ ಅಂದ್ರೆ ಓಡ್ಬೇಕಪ್ಪ! ಅಷ್ಟು ಸ್ಪಷ್ಟವಾಗಿ ಹೇಳ್ತಾ ಇದ್ದೀನಿ, ಮೂರನೇ ಬಾಗಿಲು ಅಂತ!" ಎಂದು ಚೆನ್ನಾಗಿ ಬೈದೆ. ಮಗಳು ಬಾಯಿ ತೆರೆದುಕೊಂಡೇ ಇದ್ದಳು. "ಏನ್ ನೋಡ್ತೀಯ? ಇನ್ನೊಂದಾಟ ಹಾಕು" ಎಂದೆ. ಅವಳು ಹಾಕಲಿಲ್ಲ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು, ಗಾಜು ಚೊಕ್ಕಟವಾಗಿಯೇ ಇತ್ತು.

ಆಗ ನೋಡಿದರೆ ಇವರು ಬಾಗಿಲಲ್ಲಿದ್ದಾರೆ. ಡ್ಯೂಟಿಯಿಂದ ಯಾವಾಗ ಬಂದರೋ, ಚಪ್ಪಲಿಯನ್ನೂ ಬಿಡದೆ, ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದಾರೆ. ಗಂಟಲು ಸರಿಮಾಡಿಕೊಂಡು, "ಮೇಡಂ, ನನ್ನ ಬಸ್ಸು ಎಷ್ಟನೇ ಪ್ಲಾಟ್‌ಫಾರಂ?" ಅಂದರು. ಈ ಹೊತ್ತಿನಲ್ಲಿ ತಮಾಷೆ ಬೇಕಿತ್ತೇ? "ಸುಮ್ನೆ ಕೈಕಾಲು ತೊಳ್ಕೊಂಡು ಬನ್ರಿ, ಇಲ್ಲಿ ಗೆಲ್ಲೋ ಆಟ ಸೋತಿದ್ದೀವಿ" ಎಂದೆ. ಅವರು ಬಚ್ಚಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಕಣ್ಣೂ ತೊಳೆದುಕೊಂಡಿದ್ದರು.

ಊಟಕ್ಕೆ ಕೂತಾಗ ಎಲ್ಲ ವಿವರಿಸಿದೆ, ಎಲ್ಲಿ ತಪ್ಪಾಯಿತು, ಯಾರು ಎಲ್ಲಿ ನಿಲ್ಲಬೇಕಿತ್ತು ಎಂದು. ಮೂವರೂ ತುತ್ತು ಕೈಯಲ್ಲಿ ಹಿಡಿದು ಕೇಳಿದರು. ಒಬ್ಬರೂ ಎದುರಾಡಲಿಲ್ಲ, ಅತ್ತೆ ಕೂಡ! ಈ ಮನೆಯಲ್ಲಿ ಇಂಥದ್ದು ನಡೆದೇ ಇಲ್ಲ.

ಆಮೇಲೆ ಯೋಚಿಸಿದರೆ ತಪ್ಪು ನನ್ನದೇ. "ಗಮನಿಸಿ" ಎಂದರೆ ಜನ ನಿಂತು ಕೇಳುತ್ತಾರೆ, ಅದು ಅವರ ಅಭ್ಯಾಸ. ಓಡಬೇಕಾದವರನ್ನು ನಾನೇ ನಿಲ್ಲಿಸಿದೆ. ಮಂಜುಗಡ್ಡೆಯಾಟದಲ್ಲಿ ಮೊದಲು ಜಾಗ ಹೇಳಬೇಕು, ಆಮೇಲೆ ಉಳಿದದ್ದು. "ಒಂದನೇ ಬಾಗಿಲಿಗೆ ಓಡಿ!" ಅಷ್ಟೇ. ಬಾಕಿ ಮಾತು ಓಡಿದ ಮೇಲೆ.

ಗಂಟಲು ಸ್ವಲ್ಪ ಕೆರೆಯುತ್ತಿದೆ. ಬೆಚ್ಚಗಿನ ನೀರು ಕುಡಿದು ಮಲಗಬೇಕು.

ಮಾರ್ಚ್ ೩೧, ಸೋಮವಾರ

ಬೆಳಗ್ಗೆ ಇವರೇ ಕರೆದುಕೊಂಡು ಹೋದರು. ಗಾಜಿನ ಕೋಣೆಯಲ್ಲಿ ನನ್ನ ಕುರ್ಚಿಯ ಮೇಲೆ ಯಾರದೋ ಕೋಟು ಇತ್ತು. ತೆಗೆದು ಮೊಳೆಗೆ ಹಾಕಿದೆ. ಕಂಟ್ರೋಲರ್ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತರು. ಕೆಳಗೆ ಜನ ಮೂಟೆ ಮಕ್ಕಳನ್ನು ಎಳೆದುಕೊಂಡು ಓಡಾಡುತ್ತಿದ್ದರು. ಮೈಕಿನ ಗುಂಡಿ ಒತ್ತಿದೆ. ಟಿಂಗ್ ಎಂದಿತು. ಇನ್ನು ಅಡಗಲು ಜಾಗವಿಲ್ಲ.

"ನಾಲ್ಕನೇ ಪ್ಲಾಟ್‌ಫಾರಂ. ಬಂದರಿಗೆ ಹೋಗುವವರು ನಾಲ್ಕನೇ ಪ್ಲಾಟ್‌ಫಾರಂಗೆ ಬನ್ನಿ. ಬಸ್ಸು ಹೊರಡಲು ಸಿದ್ಧವಾಗಿದೆ."

ಹಳೆಯ ದನಿಯಲ್ಲ. ತಗ್ಗಿ ಹೋಗಿದೆ, ಅಂಚಿನಲ್ಲಿ ಒರಟು, "ಸಿದ್ಧ" ಎನ್ನುವಾಗ ಒಡೆಯಿತು. ಕೆಳಗೆ ಕೆಲವರು ತಲೆ ಎತ್ತಿದರು. ಆದರೆ ಬಂದರಿಗೆ ಹೋಗುವವರು ನಾಲ್ಕನೇ ಪ್ಲಾಟ್‌ಫಾರಂ ಕಡೆಗೆ ಓಡಿದರು.

"ಇದೇನ್ರೀ, 'ಪ್ರಯಾಣಿಕರು ಗಮನಿಸಿ' ಎಲ್ಲಿ ಹೋಯ್ತು?" ಎಂದರು ಕಂಟ್ರೋಲರ್.

"ಗಮನಿಸಿ ಅಂದ್ರೆ ನಿಂತ್ಬಿಡ್ತಾರೆ ಸರ್. ಬಸ್ಸು ತಪ್ಪುತ್ತೆ. ಮೊದಲು ಜಾಗ, ಆಮೇಲೆ ಮಾತು."

ಅವರು ಕಿಟಕಿಯಿಂದ ನಾಲ್ಕನೇ ಪ್ಲಾಟ್‌ಫಾರಂ ನೋಡಿದರು. ಸದ್ಯಕ್ಕೆ ಬೆಳಗಿನ ಹೊತ್ತು ಮಾತ್ರ ನಾನು, ಮಧ್ಯಾಹ್ನದ ಮೇಲೆ ಕಂಪ್ಯೂಟರು. ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ಅರ್ಧ ಗೆಲುವು. ಲಗೇಜ್ ಕೋಣೆ ತಪ್ಪಿತು. ಇಳಿದು ಬರುವಾಗ ಚಹಾ ಮಾರುವವನು ಇವರನ್ನು ತಡೆದು, "ಮೈಕಿಗೆ ಹೊಸಬರು ಬಂದ್ರಾ ಅಣ್ಣ?" ಎಂದ. ನಾನು ಇದಕ್ಕೇ ಅಲ್ಲವೇ ಹೆದರಿ ಸತ್ತದ್ದು? "ಹೂಂ ಕಣಪ್ಪ, ಹೊಸಬಳೇ" ಎಂದೆ. ಇವರು ನಕ್ಕುಬಿಟ್ಟರು, ನನಗೂ ನಗು ಬಂತು, ನಗುವೂ ಒರಟಾಗಿತ್ತು.

ಟೀಚರಮ್ಮ ಫೋನಿನಲ್ಲಿ, ಮೊದಮೊದಲು ದಿನದಲ್ಲಿ ಅರ್ಧ ಹೊತ್ತು ದನಿಗೆ ಬಿಡುವು ಕೊಡಿ ಎಂದರು. ಅದಕ್ಕೆ ಮನೆಗೆ ಬಂದವಳೇ ಬಿಳಿ ಬೋರ್ಡು ಹುಡುಕಿದೆ. ಸೋಫಾದ ಸಂದಿ, ಮಂಚದಡಿ, ಮಗಳ ಪುಸ್ತಕದ ಗೂಡು, ಎಲ್ಲೂ ಇಲ್ಲ. ಕೊನೆಗೆ ಅತ್ತೆಯನ್ನು ಕೇಳಿದೆ. ಮನೆಯಲ್ಲಿ ಸೂಜಿ ಬಿದ್ದರೂ ಎಲ್ಲಿದೆ ಎಂದು ಹೇಳುವ ಅತ್ತೆ, ಹುರುಳಿಕಾಯಿಯ ನಾರು ತೆಗೆಯುತ್ತ, ತಲೆ ಎತ್ತದೆ, "ನಂಗೇನ್ ಗೊತ್ತಮ್ಮ" ಅಂದರು.

ನೀರು ಕುಡಿಯಲು ಅಡುಗೆಮನೆಗೆ ಹೋದೆ. ಒಲೆಯ ಪಕ್ಕ ಗೋಡೆಯ ಮೊಳೆಗಳಲ್ಲಿ ಸೌಟು, ಜಾಲರಿ, ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆ. ಅದರ ಪಕ್ಕದ ಮೊಳೆಯಲ್ಲಿ ಅದೇ ಬಣ್ಣದ, ಅದೇ ಅಗಲದ ಇನ್ನೊಂದು ಮಣೆ. ಅದರ ಮೈಯಲ್ಲಿ ಚಾಕುವಿನ ಗೆರೆ ಒಂದೂ ಇಲ್ಲ.

ಇಷ್ಟು ಸಣ್ಣ ಅಡುಗೆಮನೆಗೆ ಎರಡು ಮಣೆ ಯಾಕೆ?

ನಡುಮನೆಯಿಂದ ಅತ್ತೆ ಹುರುಳಿಕಾಯಿ ಬಿಟ್ಟು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ನಾನು ನೀರು ಕುಡಿದು, ಲೋಟ ತೊಳೆದಿಟ್ಟು, "ಎಲ್ಲೂ ಕಾಣ್ಲಿಲ್ಲ ಅತ್ತೆ" ಎಂದು ಹೇಳಿ ಹೊರಗೆ ಬಂದೆ.